ಮನಸ್ಸು ಹಗುರಾಯಿತು, ಗಮನ ಇನ್ನೂ ಬಂದಿಲ್ಲ

"ಆರಾಮ ಆಗೀನಿ ಅನ್ಕೊಂಡಿದ್ದೆ ಡಾಕ್ಟ್ರೇ. ಕೆಲಸಕ್ಕೆ ಹೋದ ಮೇಲೆ ಗೊತ್ತಾತು, ಇನ್ನೂ ಇಲ್ಲ." ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವವರು ನನ್ನ ಮುಂದೆ ಕೂತು ಹೀಗೆ ಹೇಳುವುದು ಜಾಸ್ತಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟ್‌ಗೆ ಹೋಗುವವರು, ಶಾಲೆಯ ಮೇಷ್ಟ್ರು, ಎಲ್ಲರದ್ದೂ ಇದೇ ದೂರು. ಹೊಲಿಗೆ ತಪ್ಪುತ್ತದೆ, ಲೆಕ್ಕ ಎರಡು ಸಲ ಮಾಡಬೇಕಾಗುತ್ತದೆ, ಮಧ್ಯಾಹ್ನಕ್ಕೇ ಸಾಕಾಗಿ ಹೋಗುತ್ತದೆ.

ಇದು ಸೋಮಾರಿತನ ಅಲ್ಲ. ನಿದ್ದೆ, ಹಸಿವು ಸರಿಹೋಗಿ, ಮನಸ್ಸು ಹಗುರಾದ ಮೇಲೂ ಗಮನ, ನೆನಪು, ಬೇಗ ತೀರ್ಮಾನ ಮಾಡುವ ಶಕ್ತಿ ತುಂಬ ಜನರಲ್ಲಿ ಹಿಂದೆ ಉಳಿದಿರುತ್ತವೆ. ಮನೆಯಲ್ಲಿದ್ದಾಗ ಈ ಕೊರತೆ ಕಾಣುವುದಿಲ್ಲ. ಕೆಲಸಕ್ಕೆ ಬೇಕಾಗಿರುವುದು ಅವೇ, ಅಲ್ವಾ? ಅದಕ್ಕೇ ಮೊದಲ ವಾರ "ನಾನು ಕೆಲಸಕ್ಕೆ ಬಾರದವನಾದೆ" ಅನ್ನಿಸುತ್ತದೆ. ಆ ವಾರದಲ್ಲಿ ರಾಜೀನಾಮೆಯಂಥ ದೊಡ್ಡ ತೀರ್ಮಾನ ಮಾಡಬೇಡಿ.

ಹಾಗಂತ ಪೂರ್ತಿ ಹುಷಾರಾಗುವ ತನಕ ಮನೆಯಲ್ಲೇ ಇರಿ ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಏಳಲು ಒಂದು ಕಾರಣ, ನಾಲ್ಕು ಜನರ ಮಾತು, ಕೈಗೆ ಸ್ವಲ್ಪ ದುಡ್ಡು, ಇವೂ ಗುಣಪಡಿಸುತ್ತವೆ. ಆದರೆ ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ. ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗೆ ಅರ್ಧ ದಿನ ಅಂದರೆ ಅರ್ಧ ಕೂಲಿ. ಅದು ನನಗೂ ಗೊತ್ತು, ಸುಲಭದ ಮಾತಲ್ಲ. ಅಂಥವರಿಗೆ ನಾನು ಹೇಳುವುದು: ಕೆಲವು ವಾರ ಜಿಪ್, ಜೇಬಿನ ಕೆಲಸ ಬಿಟ್ಟು ನೇರ ಹೊಲಿಗೆ ಕೇಳಿ ತಗೊಳ್ಳಿ. ಹೊಸ ಮಾತ್ರೆಯಿಂದ ಮಂಪರು ಇದ್ದರೆ ಕಟಿಂಗ್ ಮೆಷಿನ್ ಹತ್ತಿರ ಹೋಗಬೇಡಿ, ಬೈಕ್ ಓಡಿಸಬೇಡಿ.

ನೈಟ್ ಶಿಫ್ಟ್ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಕ್ಕಿ ಒಮ್ಮೆ ಖಿನ್ನತೆಗೆ ಜಾರುವ ಕಾಯಿಲೆ ಇರುವವರಿಗೆ ನಿದ್ದೆಗೆಟ್ಟರೆ ಕಾಯಿಲೆ ಮರುಕಳಿಸಬಹುದು. ಕೆಲವು ತಿಂಗಳು ಹಗಲು ಶಿಫ್ಟ್ ಕೊಡಿ ಅಂತ ಚೀಟಿ ಬರೆದುಕೊಡುತ್ತೇವೆ, ಕೇಳಲು ಸಂಕೋಚ ಬೇಡ. ಚೀಟಿಯಲ್ಲಿ ಕಾಯಿಲೆಯ ಹೆಸರೇ ಇರಬೇಕೆಂದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ನಮ್ಮ ಬಿಸಿಲನ್ನು ಮರೆಯುವಂತಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಬಯಲಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕೈ ಜಾಸ್ತಿ ನಡುಗಿದರೆ, ವಾಂತಿ ಭೇದಿ ಆದರೆ ಅವತ್ತೇ ಆಸ್ಪತ್ರೆಗೆ ಬನ್ನಿ.

ಕೆಲಸ ಶುರುವಾದ ಕೂಡಲೇ ಮಾತ್ರೆ ನಿಲ್ಲಿಸುವವರು ಬಹಳ. ಖಿನ್ನತೆಯ ಮಾತ್ರೆಯನ್ನು ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಮಾತ್ರೆಗೋಸ್ಕರ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಲ್ಲ ಅನ್ನುವ ಚಿಂತೆ ನ್ಯಾಯವಾದದ್ದೇ. ಈ ಚಿಂತೆಗೆ ಉತ್ತರ ಹುಡುಕಿದ್ದು ನಮ್ಮ ಜಿಲ್ಲೆಯಲ್ಲೇ. 1985ರಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಪ್ರತಿ ಸಲ ಜಿಲ್ಲಾಸ್ಪತ್ರೆಗೇ ಬರಬೇಕಾ, ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗುತ್ತದಾ ಅಂತ ಕೇಳಿಕೊಳ್ಳಿ.

"ಎಲ್ಲಿ ಹೋಗಿದ್ರಿ ಇಷ್ಟು ದಿನ?" ಅಂತ ಜೊತೆಯವರು ಕೇಳಿಯೇ ಕೇಳುತ್ತಾರೆ. "ಆರಾಮ ಇರ್ಲಿಲ್ರೀ, ಈಗ ಪರವಾಗಿಲ್ಲ" ಅಂದರೆ ಸಾಕು. ಎಲ್ಲರಿಗೂ ಎಲ್ಲ ಹೇಳಬೇಕಿಲ್ಲ. ಆದರೆ ನಂಬಿಕೆಯ ಒಬ್ಬರಿಗೆ ಹೇಳಿಟ್ಟಿರಿ.

ಸತತ ಕೆಲವು ದಿನ ನಿದ್ದೆ ಕೆಟ್ಟರೆ, ಕೆಲಸದ ಹೊತ್ತಿಗೆ ಅಳು ಬಂದರೆ, ಮುಂದಿನ ತಾರೀಕಿಗೆ ಕಾಯದೆ ಬನ್ನಿ. ಸಾಯುವ ಯೋಚನೆ ಬಂದರೆ ಆಗಲೇ ಮನೆಯವರಿಗೆ ಹೇಳಿ, ಒಬ್ಬರೇ ಇರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.