12 ಪಾಯಿಂಟ್ ಮುಂದಿದ್ದರೂ ಮೇಲೇರದ ಸೌತ್ ಶೀಲ್ಡ್ಸ್: ಅಳಿಸಿಹೋದ ಒಂದು ಸೀಸನ್‌ನ ಹಿನ್ನೆಲೆ

2020ರ ಮಾರ್ಚ್ ಮಧ್ಯದ ಹೊತ್ತಿಗೆ ಇಂಗ್ಲೆಂಡಿನ ನಾರ್ದರ್ನ್ ಪ್ರೀಮಿಯರ್ ಲೀಗ್‌ನಲ್ಲಿ ಯಾರು ಗೆಲ್ಲುತ್ತಾರೆ ಅನ್ನುವ ಪ್ರಶ್ನೆಯೇ ಉಳಿದಿರಲಿಲ್ಲ. ಸೌತ್ ಶೀಲ್ಡ್ಸ್ ಕ್ಲಬ್ 33 ಪಂದ್ಯ ಆಡಿ 69 ಪಾಯಿಂಟ್ ಗಳಿಸಿತ್ತು. ಎರಡನೇ ಸ್ಥಾನದಲ್ಲಿದ್ದ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ 12 ಪಾಯಿಂಟ್ ಹಿಂದಿತ್ತು. ಸೌತ್ ಶೀಲ್ಡ್ಸ್‌ಗೆ ಬಾಕಿ ಇದ್ದದ್ದು ಒಂಬತ್ತು ಪಂದ್ಯ. ಆಮೇಲೆ ಕೊರೊನಾ ಬಂತು, ಆಟ ನಿಂತಿತು. ಮಾರ್ಚ್ 26ರಂದು ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ನೋಡಿಕೊಳ್ಳುವ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ತನ್ನ ತೀರ್ಮಾನ ಹೇಳಿತು: ಈ ಹಂತದ ಲೀಗ್‌ಗಳ ಸೀಸನ್ ಇಲ್ಲಿಗೇ ಮುಗಿಯಿತು, ಬಂದ ಫಲಿತಾಂಶಗಳನ್ನೆಲ್ಲ ಅಳಿಸಲಾಗುತ್ತದೆ, ಮೇಲಿನ ಹಂತಕ್ಕೆ ಏರುವ ಬಡ್ತಿಯೂ ಇಲ್ಲ, ಕೆಳಗಿನ ಹಂತಕ್ಕೆ ಬೀಳುವ ಹಿಂಬಡ್ತಿಯೂ ಇಲ್ಲ. 33 ಪಂದ್ಯಗಳು ನಡೆದೇ ಇಲ್ಲ ಅನ್ನುವ ಹಾಗಾಯಿತು.

ಈ ಲೀಗ್ ಎಲ್ಲಿ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ನಾವು ಟಿವಿಯಲ್ಲಿ ನೋಡುವ ಪ್ರೀಮಿಯರ್ ಲೀಗ್ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಇಂಗ್ಲಿಷ್ ಫುಟ್‌ಬಾಲ್ ಲೀಗ್, ಅಂದರೆ ಇಎಫ್‌ಎಲ್‌ನ ಮೂರು ವಿಭಾಗ. ಇಷ್ಟಕ್ಕೆ 92 ಕ್ಲಬ್ ಆಯಿತು. ಅಲ್ಲಿಂದ ಕೆಳಗಿನದೆಲ್ಲ 'ನಾನ್-ಲೀಗ್'. ಐದನೇ ಹಂತ ನ್ಯಾಷನಲ್ ಲೀಗ್. ಆರನೆಯದು ಅದರದೇ ಉತ್ತರ ಮತ್ತು ದಕ್ಷಿಣ ವಿಭಾಗಗಳು. ಏಳನೇ ಹಂತದಲ್ಲಿ ಪ್ರಾದೇಶಿಕ ಲೀಗ್‌ಗಳು ಬರುತ್ತವೆ. ಉತ್ತರ ಇಂಗ್ಲೆಂಡಿಗೆ ನಾರ್ದರ್ನ್ ಪ್ರೀಮಿಯರ್. ಇಲ್ಲಿ ಆಡುವವರು ಹೆಚ್ಚಿನವರು ವಾರದ ದಿನಗಳಲ್ಲಿ ಬೇರೆ ಕೆಲಸ ಮಾಡಿ ಶನಿವಾರ ಮೈದಾನಕ್ಕೆ ಬರುವವರು. ಟಿವಿ ದುಡ್ಡು ಇಲ್ಲವೇ ಇಲ್ಲ ಅನ್ನಬಹುದು. ಗೇಟ್‌ನಲ್ಲಿ ಬರುವ ಟಿಕೆಟ್ ಕಾಸು ಮತ್ತು ಕ್ಲಬ್‌ಹೌಸ್‌ನ ಬಾರ್ ವ್ಯಾಪಾರದಿಂದಲೇ ಸಂಸಾರ ಸಾಗಬೇಕು. ಹಾಗಾಗಿ ಖಾಲಿ ಮೈದಾನದಲ್ಲಿ ಆಡಿ ಸೀಸನ್ ಮುಗಿಸುವ ದಾರಿ ಇವರಿಗೆ ಇರಲಿಲ್ಲ. ಈ ಮಾತಿನಲ್ಲಿ ಎಫ್‌ಎ ಹೇಳಿದ್ದು ಸರಿಯೇ.

ತಕರಾರು ಹುಟ್ಟಿದ್ದು ಬೇರೆ ಕಡೆ. ಒಂದೆರಡು ಮೆಟ್ಟಿಲು ಮೇಲೆ ಬೇರೆಯದೇ ಲೆಕ್ಕ ನಡೆಯಿತು. ನ್ಯಾಷನಲ್ ಲೀಗ್ ಕೂಡ ನಿಂತೇ ಹೋಗಿತ್ತು. ಆದರೆ ಅಲ್ಲಿ ಆಡಿದಷ್ಟು ಪಂದ್ಯಗಳ ಸರಾಸರಿ ಪಾಯಿಂಟ್ ತೆಗೆದು ಬಡ್ತಿ ಕೊಟ್ಟರು. ನಾಲ್ಕು ಪಾಯಿಂಟ್ ಮುಂದಿದ್ದ ಬ್ಯಾರೋ ಚಾಂಪಿಯನ್ ಆಗಿ ಇಎಫ್‌ಎಲ್‌ಗೆ ಹೋಯಿತು. ಬ್ಯಾರೋಗೂ ಬಾಕಿ ಇದ್ದದ್ದು ಒಂಬತ್ತೇ ಪಂದ್ಯ! ಆರನೇ ಹಂತದ ಉತ್ತರ ವಿಭಾಗದಲ್ಲಂತೂ ಪಾಯಿಂಟ್ ಲೆಕ್ಕದಲ್ಲಿ ಯಾರ್ಕ್ ಸಿಟಿ ಮೊದಲಿತ್ತು. ಸರಾಸರಿ ತೆಗೆದಾಗ ಎರಡು ಪಂದ್ಯ ಕಡಿಮೆ ಆಡಿದ್ದ ಕಿಂಗ್ಸ್ ಲಿನ್ ಮೇಲೆ ಬಂತು, ಬಡ್ತಿಯೂ ಸಿಕ್ಕಿತು. 12 ಪಾಯಿಂಟ್ ಮುಂದಿದ್ದವರಿಗೆ ಮಾತ್ರ ಏನೂ ಇಲ್ಲ. ಅದೇ ದೇಶ, ಅದೇ ರೋಗ, ಅದೇ ವರ್ಷ.

ಸೌತ್ ಶೀಲ್ಡ್ಸ್ ಸುಮ್ಮನಿರಲಿಲ್ಲ. ಬೇರೆ ಹತ್ತಾರು ಕ್ಲಬ್‌ಗಳ ಜೊತೆ ಸೇರಿ ಎಫ್‌ಎಗೆ ಬಹಿರಂಗ ಪತ್ರ ಬರೆಯಿತು. ಏಪ್ರಿಲ್ 9ರಂದು ಎಫ್‌ಎ ಕೌನ್ಸಿಲ್ ತೀರ್ಮಾನಕ್ಕೆ ಮುದ್ರೆ ಒತ್ತಿತು. ಕ್ಲಬ್ ಮಧ್ಯಸ್ಥಿಕೆ ಸಮಿತಿಯ ಮುಂದೆ ಹೋಯಿತು, ಜೂನ್‌ನಲ್ಲಿ ಅಲ್ಲೂ ಸೋತಿತು. ಇವರಿಗಿಂತ ಪಾಪ ಅನ್ನಿಸುವವರೂ ಇದ್ದರು. ಇನ್ನೂ ಕೆಳಗಿನ ಕಂಬೈನ್ಡ್ ಕೌಂಟೀಸ್ ಲೀಗ್‌ನಲ್ಲಿ ಜರ್ಸಿ ಬುಲ್ಸ್ ಅನ್ನುವ ದ್ವೀಪದ ತಂಡ ತನ್ನ ಮೊದಲ ಸೀಸನ್‌ನಲ್ಲೇ 27ಕ್ಕೆ 27 ಪಂದ್ಯ ಗೆದ್ದಿತ್ತು. ಅದೂ ಅಳಿಸಿಹೋಯಿತು.

ತಮಾಷೆ ಅಂದರೆ ಅದೇ ಸೀಸನ್‌ನ ಕಪ್ ಪಂದ್ಯಗಳನ್ನು ಯಾರೂ ಅಳಿಸಲಿಲ್ಲ. ಸಣ್ಣ ಕ್ಲಬ್‌ಗಳ ಎಫ್‌ಎ ವಾಸ್ ಟೂರ್ನಿಯ ಫೈನಲನ್ನು ಒಂದು ವರ್ಷ ತಡವಾಗಿ, 2021ರ ಮೇ 3ರಂದು ವೆಂಬ್ಲಿಯಲ್ಲಿ ಆಡಿಸಿದರು. ಗೆದ್ದದ್ದು ಸೌತ್ ಶೀಲ್ಡ್ಸ್‌ನ ಪಕ್ಕದ ಊರಿನ ಹೆಬ್ಬರ್ನ್ ಟೌನ್.

ಪಾಯಿಂಟ್ ಟೇಬಲ್ ಒಂದು ಹೇಳುವುದು, ಸಭೆಯಲ್ಲಿ ಕೂತವರು ಇನ್ನೊಂದು ಹೇಳುವುದು ಇಂಗ್ಲಿಷ್ ಫುಟ್‌ಬಾಲಿಗೆ ಹೊಸದಲ್ಲ. ಬಹಳ ಕಾಲ ಅದೇ ಪದ್ಧತಿಯಾಗಿತ್ತು.

1987ಕ್ಕೆ ಮೊದಲು, ಇಂದಿನ ಪ್ರೀಮಿಯರ್ ಲೀಗ್ ಮತ್ತು ಇಎಫ್‌ಎಲ್ ಎರಡೂ ಒಂದೇ ಆಗಿದ್ದ ಫುಟ್‌ಬಾಲ್ ಲೀಗ್‌ನ ನಾಲ್ಕು ವಿಭಾಗಗಳ ಒಳಗೆ ಹೊರಗಿನ ಕ್ಲಬ್ ಬರಬೇಕಾದರೆ ಗೆದ್ದರೆ ಸಾಲುತ್ತಿರಲಿಲ್ಲ, ವೋಟು ಬೀಳಬೇಕಿತ್ತು. ನಾಲ್ಕನೇ ವಿಭಾಗದ ಕೊನೆಯ ನಾಲ್ಕು ಕ್ಲಬ್‌ಗಳು ಪ್ರತಿ ವರ್ಷ ಮತ್ತೆ ಆಯ್ಕೆ ಮಾಡಿ ಅಂತ ಕೇಳಿಕೊಳ್ಳಬೇಕು. ಹೊರಗಿನ ಕ್ಲಬ್‌ಗಳೂ ಅರ್ಜಿ ಹಾಕಬಹುದು. ವೋಟು ಹಾಕುವವರು ಒಳಗಿರುವ ಕ್ಲಬ್‌ಗಳೇ, ಅದರಲ್ಲೂ ಮೇಲಿನ ಎರಡು ವಿಭಾಗದವರದೇ ಜೋರು. ಪರಿಚಯದವರನ್ನು ಬಿಟ್ಟು ಹೊಸಬರಿಗೆ ವೋಟು ಹಾಕುವುದು ಅಪರೂಪ ಅಲ್ವಾ? ಹಾರ್ಟ್ಲ್‌ಪೂಲ್ ಹೀಗೆ 14 ಸಲ ಕೈಮುಗಿದು 14 ಸಲವೂ ಉಳಿದುಕೊಂಡಿತು.

ಉಳಿಯದವರ ಕಥೆ ಸೌತ್ ಶೀಲ್ಡ್ಸ್‌ಗೆ ಹತ್ತಿರದ್ದು. ಟೈನ್ ನದಿ ಸಮುದ್ರ ಸೇರುವಲ್ಲಿರುವ ಈ ಊರಿನ ಹಳೆಯ ಕ್ಲಬ್ 1919ರಿಂದ ಫುಟ್‌ಬಾಲ್ ಲೀಗ್‌ನಲ್ಲಿ ಆಡುತ್ತಿತ್ತು. 1930ರಲ್ಲಿ ಅದು ಅದೇ ನದಿಯ ದಂಡೆಯ ಗೇಟ್ಸ್‌ಹೆಡ್‌ಗೆ ಊರು ಬದಲಿಸಿತು, ಹೆಸರೂ ಬದಲಾಯಿತು. 1960ರಲ್ಲಿ ಗೇಟ್ಸ್‌ಹೆಡ್ ನಾಲ್ಕನೇ ವಿಭಾಗದಲ್ಲಿ ಕೆಳಗಿನಿಂದ ಮೂರನೆಯದಾಗಿತ್ತು. ಅದಕ್ಕಿಂತ ಕೆಳಗಿದ್ದ ಎರಡು ಕ್ಲಬ್‌ಗಳು ಉಳಿದವು, ಗೇಟ್ಸ್‌ಹೆಡ್ ಹೊರಬಿತ್ತು. ಅದರ ಜಾಗಕ್ಕೆ ಪೀಟರ್‌ಬರೋ ಬಂತು. ಈಶಾನ್ಯದ ಮೂಲೆಗೆ ಪ್ರಯಾಣ ಮಾಡುವುದೇ ಮಿಕ್ಕವರಿಗೆ ಬೇಸರವಾಗಿತ್ತು ಅನ್ನುವ ಮಾತು ಆ ಕಡೆ ಇವತ್ತಿಗೂ ಇದೆ. ಸೌತ್ ಶೀಲ್ಡ್ಸ್‌ನಲ್ಲಿ ಆಮೇಲೆ ಕಟ್ಟಿಕೊಂಡ ಇನ್ನೊಂದು ಕ್ಲಬ್ 1974ರಲ್ಲಿ ಮತ್ತೆ ಗೇಟ್ಸ್‌ಹೆಡ್‌ಗೇ ಹೋಯಿತು. ಈಗಿರುವುದು ಅದೇ ವರ್ಷ ಹೊಸದಾಗಿ ಶುರುವಾದ ಕ್ಲಬ್.

ನಾರ್ದರ್ನ್ ಪ್ರೀಮಿಯರ್ ಲೀಗ್ ಹುಟ್ಟಿದ್ದು 1968ರಲ್ಲಿ. ಉತ್ತರದಲ್ಲಿ ಚದುರಿದ್ದ ಪ್ರಾದೇಶಿಕ ಲೀಗ್‌ಗಳ ಗಟ್ಟಿ ಕ್ಲಬ್‌ಗಳು ಒಂದಾಗಿ ಕಟ್ಟಿಕೊಂಡದ್ದು ಅದು. ಆಗಿನ ಸೌತ್ ಶೀಲ್ಡ್ಸ್ ಕೂಡ ಸ್ಥಾಪಕರಲ್ಲಿ ಒಂದು. ಮೊದಲ ಎರಡು ವರ್ಷ ಮ್ಯಾಕಲ್ಸ್‌ಫೀಲ್ಡ್ ಗೆದ್ದಿತು. ಗೆದ್ದು ಎಲ್ಲಿಗೂ ಹೋಗಲಿಲ್ಲ, ಹೋಗಲು ದಾರಿ ಇರಲಿಲ್ಲ. ಮೇಲಿನಿಂದ ಕೆಳಗೆ ಬೀಳುವುದು ಮಾತ್ರ ನಡೆದೇ ಇತ್ತು. 1970ರ ದಶಕದಲ್ಲಿ ವೋಟಿನಿಂದ ಹೊರಬಿದ್ದ ಕ್ಲಬ್‌ಗಳು ನಾಲ್ಕು: 1970ರಲ್ಲಿ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ, 1972ರಲ್ಲಿ ಬ್ಯಾರೋ, 1977ರಲ್ಲಿ ವರ್ಕಿಂಗ್‌ಟನ್, 1978ರಲ್ಲಿ ಸೌತ್‌ಪೋರ್ಟ್. ನಾಲ್ಕೂ ಉತ್ತರದವು. ನಾಲ್ಕೂ ಬಂದು ಸೇರಿದ್ದು ನಾರ್ದರ್ನ್ ಪ್ರೀಮಿಯರ್ ಲೀಗನ್ನೇ. ಹೌದು, 2020ರಲ್ಲಿ ಸರಾಸರಿ ಲೆಕ್ಕದಿಂದ ಮೇಲೆ ಹೋದ ಬ್ಯಾರೋ ಇದೇ ಬ್ಯಾರೋ. ಎಫ್‌ಎ ಕಪ್‌ನಲ್ಲಿ ನ್ಯೂಕ್ಯಾಸಲ್‌ನಂಥ ದೊಡ್ಡ ತಂಡವನ್ನು ಸೋಲಿಸಿ ಹೆಸರು ಮಾಡಿದ್ದ ಹೆರೆಫರ್ಡ್‌ಗೆ ಅದು 1972ರಲ್ಲಿ ಜಾಗ ಬಿಟ್ಟುಕೊಟ್ಟಿತ್ತು. ವಾಪಸ್ ಹೋಗಲು 48 ವರ್ಷ ಬೇಕಾಯಿತು.

ಈ ಲೀಗ್‌ನಿಂದ ವೋಟಿನ ಬಾಗಿಲು ದಾಟಿ ಫುಟ್‌ಬಾಲ್ ಲೀಗ್ ಒಳಗೆ ಹೋದದ್ದು ಒಂದೇ ಕ್ಲಬ್, ವಿಗನ್ ಅಥ್ಲೆಟಿಕ್. ಮೂವತ್ತಕ್ಕೂ ಹೆಚ್ಚು ಸಲ ಅರ್ಜಿ ಹಾಕಿ ಸೋತಿದ್ದ ಕ್ಲಬ್ ಅದು. ರೋಸಿಹೋಗಿ 1972ರಲ್ಲಿ ಸ್ಕಾಟ್ಲೆಂಡಿನ ಲೀಗ್‌ಗೂ ಅರ್ಜಿ ಹಾಕಿತ್ತು! 1977–78ರಲ್ಲಿ ನಾರ್ದರ್ನ್ ಪ್ರೀಮಿಯರ್ ಗೆದ್ದದ್ದು ಬಾಸ್ಟನ್ ಯುನೈಟೆಡ್. ಆದರೆ ಅವರ ಮೈದಾನ ಬೇಕಾದ ಮಟ್ಟಕ್ಕೆ ಇರಲಿಲ್ಲ. ಎರಡನೆಯದಾಗಿದ್ದ ವಿಗನ್‌ಗೆ ಅವಕಾಶ ಸಿಕ್ಕಿತು. ಮೊದಲ ಸುತ್ತಿನಲ್ಲಿ ವಿಗನ್‌ಗೂ ಸೌತ್‌ಪೋರ್ಟ್‌ಗೂ ತಲಾ 26 ವೋಟು. ಮತ್ತೆ ವೋಟು ಹಾಕಿಸಿದಾಗ 29–20. ಅದೇ ವಿಗನ್ 2005ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು, 2013ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಎತ್ತಿತು. ಆ ದಿನ ಇನ್ನೊಂದಿಬ್ಬರು ಸೌತ್‌ಪೋರ್ಟ್ ಕಡೆಗೆ ಕೈ ಎತ್ತಿದ್ದರೆ ಇದರಲ್ಲಿ ಎಷ್ಟು ನಡೆಯುತ್ತಿತ್ತೋ!

1979ರಲ್ಲಿ ಉತ್ತರ ಮತ್ತು ದಕ್ಷಿಣದ ಒಳ್ಳೆಯ ಕ್ಲಬ್‌ಗಳನ್ನು ಸೇರಿಸಿ ಅಲಯನ್ಸ್ ಪ್ರೀಮಿಯರ್ ಲೀಗ್ ಮಾಡಿದರು. ಇಂದಿನ ನ್ಯಾಷನಲ್ ಲೀಗ್‌ನ ಮೂಲ ಅದೇ. ವೋಟಿಗೆ ಹೋಗುವಾಗ ಹತ್ತಾರು ಅರ್ಜಿಗಳ ಬದಲು ಒಂದೇ ಗಟ್ಟಿ ಹೆಸರು ಮುಂದಿಡೋಣ ಅನ್ನುವ ಯೋಚನೆ. ಅದರ ಮೊದಲ ಚಾಂಪಿಯನ್ ಆಲ್ಟ್ರಿಂಕಮ್ 1980ರಲ್ಲಿ ಒಂದೇ ಒಂದು ವೋಟಿನಿಂದ ರೋಚ್‌ಡೇಲ್ ಎದುರು ಸೋತಿತು. ಕೊನೆಗೆ 1986–87ರಿಂದ ಗೆದ್ದವರಿಗೆ ನೇರ ಬಡ್ತಿ ಅಂತಾಯಿತು. ಮೊದಲು ಹಾಗೆ ಮೇಲೇರಿದ್ದು ನೀಲ್ ವಾರ್ನಾಕ್ ತರಬೇತಿಯ ಸ್ಕಾರ್ಬರೋ. ಮೊದಲು ಬಿದ್ದದ್ದು ಲಿಂಕನ್ ಸಿಟಿ. ಆ ಕೊನೆಯ ದಿನ ಟಾರ್ಕಿ ತಂಡದ ಆಟಗಾರನೊಬ್ಬನಿಗೆ ಪೊಲೀಸ್ ನಾಯಿ ಕಚ್ಚಿತು. ಚಿಕಿತ್ಸೆಗೆ ಹೋದ ಸಮಯವನ್ನು ರೆಫರಿ ಸೇರಿಸಿದರು, ಆ ಹೆಚ್ಚುವರಿ ಸಮಯದಲ್ಲಿ ಟಾರ್ಕಿ ಗೋಲು ಹೊಡೆದು ಉಳಿದುಕೊಂಡಿತು, ಅದರ ಬದಲು ಲಿಂಕನ್ ಬಿತ್ತು. ಲಿಂಕನ್‌ನವರಿಗೆ ಹೊಟ್ಟೆ ಉರಿದಿರಬಹುದು. ಆದರೂ ಅದು ಮೈದಾನದಲ್ಲಿ ಆದ ತೀರ್ಮಾನ. ನನ್ನ ಮಟ್ಟಿಗೆ ನಾಯಿ ಕಚ್ಚಿ ಬೀಳುವುದೇ ವೋಟಿನಲ್ಲಿ ಬೀಳುವುದಕ್ಕಿಂತ ವಾಸಿ.

ಹಾಗಂತ ಕಚೇರಿಯವರ ಕೈ ಪೂರ್ತಿ ಕಟ್ಟಿಹೋಗಲಿಲ್ಲ. 1994ರಲ್ಲಿ ಕಿಡರ್‌ಮಿನ್‌ಸ್ಟರ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್, 1996ರಲ್ಲಿ ಸ್ಟೀವನೇಜ್, ಹೀಗೆ ಮೂರು ವರ್ಷ ಸಾಲಾಗಿ ಐದನೇ ಹಂತದ ಚಾಂಪಿಯನ್‌ಗಳನ್ನು ಮೈದಾನ ಸರಿಯಿಲ್ಲ ಅಂತ ತಡೆದರು. ಸ್ಟೀವನೇಜ್ ಹೈಕೋರ್ಟಿಗೂ ಹೋಯಿತು. ನಿಯಮ ತಪ್ಪು ಅನ್ನಿಸಿದ್ದರೆ ಮೊದಲೇ ಕೇಳಬೇಕಿತ್ತು, ಈಗ ತಡವಾಯಿತು ಅನ್ನುವುದು ಅಲ್ಲಿ ಅವರಿಗೆ ಮುಳುವಾಯಿತು.

2020ರ ಸೌತ್ ಶೀಲ್ಡ್ಸ್ ಇಂಥ ಚರಿತ್ರೆಯ ತುದಿಗೆ ಬಂದು ನಿಂತ ಕ್ಲಬ್. ಏಳು ವರ್ಷದ ಹಿಂದೆ ಅದರ ಸ್ಥಿತಿ ಇನ್ನೂ ಕೆಟ್ಟಿತ್ತು. ಸ್ವಂತ ಊರಿನ ಮೈದಾನ ಕೈತಪ್ಪಿ, 2013ರಿಂದ ಎರಡು ವರ್ಷ ದೂರದ ಪೀಟರ್ಲಿ ಪಟ್ಟಣದಲ್ಲಿ ಬೆರಳೆಣಿಕೆ ಜನರ ಮುಂದೆ ಆಡುತ್ತಿತ್ತು. 2015ರಲ್ಲಿ ಉದ್ಯಮಿ ಜೆಫ್ ಥಾಂಪ್ಸನ್ ಕ್ಲಬ್ ವಹಿಸಿಕೊಂಡು ಊರಿಗೆ ವಾಪಸ್ ತಂದರು. ಹಿಂದೆ ಸಂಡರ್ಲೆಂಡ್ ಪರ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ್ದ ಅರ್ಜೆಂಟೀನಾದ ಹುಲಿಯೊ ಆರ್ಕಾ ತಂಡ ಸೇರಿದರು. 2016–17ರಲ್ಲಿ ನಾಲ್ಕು ಟ್ರೋಫಿ ಬಂತು, ಅದರಲ್ಲೊಂದು ವೆಂಬ್ಲಿಯಲ್ಲಿ 4–0ಯಿಂದ ಗೆದ್ದ ಎಫ್‌ಎ ವಾಸ್. 2019ರಲ್ಲಿ ಇದೇ ಲೀಗ್‌ನಲ್ಲಿ ಎರಡನೆಯದಾಗಿ, ಚಾಂಪಿಯನ್ ನಂತರದ ತಂಡಗಳು ಬಡ್ತಿಗಾಗಿ ಆಡುವ ಪ್ಲೇ-ಆಫ್‌ನ ಫೈನಲ್‌ನಲ್ಲಿ ವಾರಿಂಗ್‌ಟನ್ ಎದುರು ಸೋತಿತು. ಮುಂದಿನ ವರ್ಷ ಪ್ಲೇ-ಆಫ್ ಗೊಡವೆಯೇ ಬೇಡ ಅನ್ನುವ ಹಾಗೆ ಆಡಿತು. ಈ ಹಂತದಲ್ಲಿ ಕೆಲವು ನೂರು ಜನ ಬಂದರೆ ಹೆಚ್ಚು, ಸೌತ್ ಶೀಲ್ಡ್ಸ್‌ನ ಮೈದಾನ ಮರಿನರ್ಸ್ ಪಾರ್ಕ್‌ಗೆ ಸಾವಿರಕ್ಕೂ ಜಾಸ್ತಿ ಜನ ಬರುತ್ತಿದ್ದರು.

ಎಫ್‌ಎ ಪರವಾಗಿ ಒಂದು ಮಾತು ಹೇಳಬೇಕು. ಕೆಳಗಿನ ಹಂತಗಳಲ್ಲಿ ನೂರಾರು ಕ್ಲಬ್‌ಗಳು, ಹತ್ತಾರು ವಿಭಾಗಗಳು. ಕೆಲವರು ಹೆಚ್ಚು ಪಂದ್ಯ ಆಡಿದ್ದರು, ಮಳೆಗೆ ಮೈದಾನ ಕೆಟ್ಟು ಕೆಲವರು ಕಡಿಮೆ ಆಡಿದ್ದರು. ಯಾವ ಸೂತ್ರ ತಂದರೂ ಯಾರೋ ಒಬ್ಬರಿಗೆ ಅನ್ಯಾಯ. ಆದರೆ ಆ ತೊಂದರೆ ಯಾರ್ಕ್ ಸಿಟಿಯ ವಿಷಯದಲ್ಲೂ ಇತ್ತಲ್ಲ. ಅಲ್ಲಿ ಸೂತ್ರ ಹುಡುಕಿದರು, ಇಲ್ಲಿ ರಬ್ಬರ್ ತೆಗೆದುಕೊಂಡರು. ಮಾರ್ಚ್ ಕೊನೆಯಲ್ಲೇ ಅಷ್ಟು ಅವಸರ ಮಾಡದೆ ಒಂದೆರಡು ತಿಂಗಳು ಕಾದಿದ್ದರೆ ಮೇಲಿನವರ ಲೆಕ್ಕವನ್ನೇ ಕೆಳಗೂ ಬಳಸಬಹುದಿತ್ತು.

2020–21ರ ಸೀಸನ್ ಕೂಡ 2021ರ ಫೆಬ್ರವರಿಯಲ್ಲಿ ಅರ್ಧಕ್ಕೇ ನಿಂತಿತು. ಆಮೇಲೆ ಎಫ್‌ಎ ಕೆಳಹಂತಗಳನ್ನು ಮರುಜೋಡಿಸಿ, ನಾರ್ದರ್ನ್ ಪ್ರೀಮಿಯರ್‌ಗೆ ಮಿಡ್ಲೆಂಡ್ಸ್ ಅನ್ನುವ ಹೊಸ ವಿಭಾಗ ಸೇರಿಸಿತು. ಖಾಲಿ ಜಾಗ ತುಂಬಲು ಆ ಎರಡೂ ಮುರುಕಲು ಸೀಸನ್‌ಗಳ ಸರಾಸರಿ ಪಾಯಿಂಟನ್ನೇ ಬಳಸಿತು. ಅಳಿಸಿದ ಫಲಿತಾಂಶ ಮತ್ತೆ ಲೆಕ್ಕಕ್ಕೆ ಬಂತು! ಜರ್ಸಿ ಬುಲ್ಸ್‌ಗೆ ಬಡ್ತಿ ಸಿಕ್ಕಿತು. ಸೌತ್ ಶೀಲ್ಡ್ಸ್‌ಗೆ ಆಗಲೂ ಇಲ್ಲ. ಅವರು ಕೊನೆಗೆ ಮೇಲೇರಿದ್ದು 2023ರಲ್ಲಿ, ಹಳೆಯ ಸಂಡರ್ಲೆಂಡ್ ಸ್ಟ್ರೈಕರ್ ಕೆವಿನ್ ಫಿಲಿಪ್ಸ್ ಮ್ಯಾನೇಜರ್ ಆಗಿದ್ದಾಗ, ಲೀಗ್ ಗೆದ್ದೇ.

ಸಭೆಯ ಬಾಗಿಲು ಇನ್ನೂ ಮುಚ್ಚಿಲ್ಲ. 2024ರಲ್ಲಿ ಈಗಿನ ಗೇಟ್ಸ್‌ಹೆಡ್ ಕ್ಲಬ್ ನ್ಯಾಷನಲ್ ಲೀಗ್ ಪ್ಲೇ-ಆಫ್‌ಗೆ ಅರ್ಹತೆ ಗಳಿಸಿತ್ತು. ಆದರೆ ಸ್ಥಳೀಯ ಕೌನ್ಸಿಲ್‌ಗೆ ಸೇರಿದ ಕ್ರೀಡಾಂಗಣದ ಮೇಲೆ ಹತ್ತು ವರ್ಷದ ಹಕ್ಕುಪತ್ರ ತೋರಿಸಲಾಗಲಿಲ್ಲ ಅಂತ ಆಡಲು ಬಿಡಲಿಲ್ಲ. 2025ರಲ್ಲಿ ನ್ಯಾಷನಲ್ ಲೀಗ್‌ನ 72 ಕ್ಲಬ್‌ಗಳು ಒಟ್ಟಾಗಿ ಇಎಫ್‌ಎಲ್‌ಗೆ ಪತ್ರ ಬರೆದವು. ಆಗ ವರ್ಷಕ್ಕೆ ಎರಡೇ ಬಡ್ತಿ ಇತ್ತು, ಅದನ್ನು ಮೂರು ಮಾಡಿ ಅನ್ನುವುದು ಬೇಡಿಕೆ. ಅದಕ್ಕೆ ಹೂಂ ಅನ್ನಬೇಕಾದವರು ಇಎಫ್‌ಎಲ್‌ನ ಕ್ಲಬ್‌ಗಳು. ಮೂರನೇ ಜಾಗ ಕೊಟ್ಟರೆ ಪ್ರತಿ ವರ್ಷ ಅವರಲ್ಲೇ ಇನ್ನೊಬ್ಬರು ಕೆಳಗೆ ಬೀಳಬೇಕಾಗುತ್ತದೆ.