ಟಿಡಿ ಎರಡು ಆಗಿದೆ, ಮತ್ತೆ ಟಿಡ್ಯಾಪ್ ಯಾಕೆ?

ಪ್ರಶ್ನೆ: ನನಗೀಗ 29 ವಾರ. ಬೆಂಗಳೂರಿನ ವಿಜಯನಗರದಲ್ಲಿ ಮನೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಟಿಡಿ ಇಂಜೆಕ್ಷನ್ ಎರಡೂ ಆಗಿದೆ, ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ. ಸ್ಕ್ಯಾನಿಂಗಿಗೆ ಹೋಗುವ ಖಾಸಗಿ ಆಸ್ಪತ್ರೆಯ ಡಾಕ್ಟರು ಈಗ ನಾಯಿಕೆಮ್ಮಿಗೆ ಟಿಡ್ಯಾಪ್ ಹಾಕಿಸಿಕೊಳ್ಳಿ ಅನ್ನುತ್ತಿದ್ದಾರೆ. ಮಗುವಿಗೆ ಒಂದೂವರೆ ತಿಂಗಳಿಗೆ ಹೇಗೂ ಲಸಿಕೆ ಹಾಕುತ್ತಾರಲ್ಲ, ನನಗೆ ಯಾಕೆ? ಮುಂದಿನ ತಿಂಗಳು ಸೀಮಂತ ಮುಗಿಸಿ ಹಾಸನಕ್ಕೆ, ಅಮ್ಮನ ಮನೆಗೆ ಹೋಗುತ್ತೇನೆ. ಅಲ್ಲಿ ಹಾಕಿಸಿಕೊಂಡರೆ ಆಗುತ್ತದೆಯೇ?

ಉತ್ತರ: ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿರುವಾಗಲೇ, ಸೀಮಂತಕ್ಕೆ ಮುಂಚೆಯೇ ಮುಗಿಸಿಕೊಂಡು ಹೊರಡಿ.

ಮಗುವಿಗೆ ಒಂದೂವರೆ ತಿಂಗಳಿಗೆ ಹಾಕುವುದು ಪೆಂಟಾವೇಲೆಂಟ್ ಲಸಿಕೆ. ನಾಯಿಕೆಮ್ಮಿನ ಅಂಶ ಅದರಲ್ಲಿದೆ, ನಿಜ. ಆದರೆ ಮೊದಲ ಡೋಸ್ ಬೀಳುವುದೇ 6ನೇ ವಾರಕ್ಕೆ. ಅದೊಂದರಿಂದ ಸಿಗುವ ರಕ್ಷಣೆ ಅರೆಬರೆ. 10ನೇ ವಾರಕ್ಕೆ ಎರಡನೆಯದು, 14ನೇ ವಾರಕ್ಕೆ ಮೂರನೆಯದು ಆದಮೇಲೆ ಮಗುವಿನ ಮೈ ತಾನೇ ನಿಲ್ಲುವ ಹಂತಕ್ಕೆ ಬರುತ್ತದೆ. ಅಂದರೆ ಹುಟ್ಟಿದ ದಿನದಿಂದ ಸುಮಾರು ಮೂರು ತಿಂಗಳು ಮಗುವಿಗೆ ಸ್ವಂತ ಬಲ ಕಡಿಮೆ. ನಾಯಿಕೆಮ್ಮಿನಿಂದ ಸಾಯುವ ಮಕ್ಕಳಲ್ಲಿ ಹೆಚ್ಚಿನವರು ಸಾಯುವುದೂ ಇದೇ ಮೂರು ತಿಂಗಳಲ್ಲಿ. 2012ರಲ್ಲಿ ಇಂಗ್ಲೆಂಡಿನಲ್ಲಿ ಈ ರೋಗ ಮತ್ತೆ ಹಬ್ಬಿ 14 ಕೂಸುಗಳು ತೀರಿಕೊಂಡವು. ಆ ವರ್ಷದ ಅಕ್ಟೋಬರಿನಲ್ಲೇ ಅಲ್ಲಿ ಗರ್ಭಿಣಿಯರಿಗೆ ಲಸಿಕೆ ಕೊಡಲು ಶುರುಮಾಡಿದರು. ಆಮೇಲೆ ಲೆಕ್ಕ ಹಾಕಿದಾಗ, ಲಸಿಕೆ ಹಾಕಿಸಿಕೊಂಡ ತಾಯಂದಿರ ಮೂರು ತಿಂಗಳೊಳಗಿನ ಮಕ್ಕಳಲ್ಲಿ ರೋಗ ಶೇಕಡಾ 90ರಷ್ಟು ತಗ್ಗಿತ್ತು.

ಇದು ಹೊಸ ಉಪಾಯವೇನಲ್ಲ. ನಿಮ್ಮ ಅಮ್ಮ ಬಸುರಿಯಾಗಿದ್ದಾಗ ಟಿಟಿ ಹಾಕಿಸಿಕೊಂಡಿದ್ದು ನಿಮಗೆ ಧನುರ್ವಾಯು ಬರಬಾರದೆಂದು. ಮನೆಯ ಹಿರಿಯರು ಟಿಡ್ಯಾಪ್ ಬಗ್ಗೆ ಅನುಮಾನಪಟ್ಟರೆ ಇದನ್ನೇ ಹೇಳಿ: ಅದೇ ದಾರಿ, ರೋಗ ಮಾತ್ರ ಬೇರೆ. ತಾಯಂದಿರಿಗೂ ಹಸುಗೂಸುಗಳಿಗೂ ಬರುವ ಧನುರ್ವಾಯು ನಮ್ಮ ದೇಶದಲ್ಲಿ ನಿರ್ಮೂಲನದ ಮಟ್ಟಕ್ಕೆ ಇಳಿದಿದೆ ಎಂದು 2015ರಲ್ಲಿ ಖಚಿತವಾಯಿತು. ಅದರಲ್ಲಿ ಆ ಟಿಟಿಯ ಪಾಲು ದೊಡ್ಡದು.

ಒಳಗೆ ನಡೆಯುವುದು ಹೀಗೆ. ಲಸಿಕೆ ಬಿದ್ದ ಮೇಲೆ ನಿಮ್ಮ ರಕ್ತದಲ್ಲಿ ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು ಏರಿ ತುದಿ ಮುಟ್ಟಲು ಸುಮಾರು ಎರಡು ವಾರ ಬೇಕು. ಹೊಕ್ಕುಳಬಳ್ಳಿಯ ಆಚೆ ಇರುವ ಮಾಸು (ಪ್ಲಾಸೆಂಟಾ) ಆ ಪ್ರತಿಕಾಯಗಳನ್ನು ಹಿಡಿದು ಮಗುವಿನ ರಕ್ತಕ್ಕೆ ದಾಟಿಸುತ್ತದೆ. ಸುಮ್ಮನೆ ಸೋಸಿಹೋಗುವುದಲ್ಲ, ಎತ್ತಿ ಸಾಗಿಸುವ ಕೆಲಸ. ಈ ಸಾಗಣೆ ಕೊನೆಯ ಮೂರು ತಿಂಗಳಲ್ಲಿ ಬಹಳ ಜೋರು. ಅದಕ್ಕೇ 27ರಿಂದ 36ನೇ ವಾರದೊಳಗೆ ಎನ್ನುವುದು, ಅದರಲ್ಲೂ ಮೊದಲ ಭಾಗವೇ ಒಳ್ಳೆಯದು. 36ಕ್ಕೆ ಹಾಕಿಸಿ 37ಕ್ಕೆ ಹೆರಿಗೆಯಾದರೆ ಪ್ರತಿಕಾಯ ತಯಾರಾಗಲೂ ದಾಟಲೂ ಸಮಯವೇ ಸಿಗಲಿಲ್ಲ. ಅವಳಿ ಮಕ್ಕಳಿದ್ದರೆ, ಬಿಪಿ ಏರುತ್ತಿದ್ದರೆ, ಹಿಂದಿನ ಹೆರಿಗೆ ದಿನ ತುಂಬುವ ಮೊದಲೇ ಆಗಿದ್ದರೆ 27–28ನೇ ವಾರಕ್ಕೇ ಡಾಕ್ಟರನ್ನು ಕೇಳಿ. ದಿನ ತುಂಬದೆ ಹುಟ್ಟುವ ಮಗುವಿಗೆ ದಾಟುವ ಪ್ರತಿಕಾಯವೂ ಕಡಿಮೆ, ರೋಗ ಬಂದರೆ ತಡೆದುಕೊಳ್ಳುವ ಶಕ್ತಿಯೂ ಕಡಿಮೆ.

ಈಗ ಟಿಡಿ ವಿಷಯ. ಟಿಡಿಯಲ್ಲಿರುವುದು ಎರಡೇ: ಧನುರ್ವಾಯು, ಗಂಟಲಮಾರಿ (ಡಿಫ್ತೀರಿಯಾ). ನಾಯಿಕೆಮ್ಮಿನ ಅಂಶ ಅದರಲ್ಲಿ ಇಲ್ಲವೇ ಇಲ್ಲ. ಟಿಡ್ಯಾಪ್‌ನಲ್ಲಿ ಆ ಎರಡರ ಜೊತೆ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಕೆಲವು ಪ್ರೋಟೀನುಗಳನ್ನು ಶುದ್ಧಮಾಡಿ ಸೇರಿಸಿರುತ್ತಾರೆ. ಜೀವಂತ ರೋಗಾಣು ಇಲ್ಲ, ಹಾಗಾಗಿ ಇದರಿಂದ ನಿಮಗಾಗಲಿ ಮಗುವಿಗಾಗಲಿ ನಾಯಿಕೆಮ್ಮು ಬರುವ ಮಾತೇ ಇಲ್ಲ. ಒಂದೇ ಟಿಡಿ ಆಗಿದ್ದರೆ ಎರಡನೆಯದರ ಜಾಗದಲ್ಲಿ ಟಿಡ್ಯಾಪ್ ಹಾಕಿಸಿಕೊಂಡರೆ ಒಂದು ಚುಚ್ಚು ಉಳಿಯುತ್ತದೆ. ನಿಮಗೆ ಎರಡೂ ಆಗಿಹೋಗಿದೆ, ಪರವಾಗಿಲ್ಲ. ಟಿಡಿಗೂ ಟಿಡ್ಯಾಪ್‌ಗೂ ನಡುವೆ ಇಷ್ಟೇ ದಿನ ಕಾಯಬೇಕೆಂಬ ನಿಯಮವಿಲ್ಲ. ತೋಳು ಒಂದೆರಡು ದಿನ ಸ್ವಲ್ಪ ಹೆಚ್ಚು ನೋಯಬಹುದು, ಅಷ್ಟೇ.

ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಸಿಗುವುದು ಟಿಡಿ. ಟಿಡ್ಯಾಪ್ ಇನ್ನೂ ಆ ಪಟ್ಟಿಯಲ್ಲಿಲ್ಲ, ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು, ಬೆಲೆ ಸಾವಿರ ರೂಪಾಯಿ ದಾಟುತ್ತದೆ. ತಾಯಿ ಕಾರ್ಡ್ ಹಿಡಿದು ಬರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ಇದು ಪುಕ್ಕಟೆ ಸಿಗಬೇಕಿತ್ತು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ಖರ್ಚಿನ ಪಟ್ಟಿಯಲ್ಲಿ ಇದನ್ನು ಇನ್ನೊಂದು ಸ್ಕ್ಯಾನಿಂಗಿಗಿಂತ ಮೇಲೆ ಬರೆದುಕೊಳ್ಳಿ.

ಹಾಸನದಲ್ಲಿ ಸಿಗುವುದಿಲ್ಲವೆಂದಲ್ಲ. ತೊಂದರೆ ಆಗುವುದು ಆಸ್ಪತ್ರೆ ಬದಲಾಗುವ ಹೊತ್ತಿನಲ್ಲಿ. ಇಲ್ಲಿನ ಡಾಕ್ಟರು ಊರಿನಲ್ಲಿ ಹಾಕುತ್ತಾರೆ ಅಂದುಕೊಳ್ಳುತ್ತಾರೆ. ಊರಿನವರು ಕಾರ್ಡಿನಲ್ಲಿ ಎರಡು ಇಂಜೆಕ್ಷನ್ ಕಂಡು ಎಲ್ಲ ಆಗಿದೆ ಎಂದು ಮುಚ್ಚಿಡುತ್ತಾರೆ. ಸೀಮಂತ, ಪ್ರಯಾಣ, ಹೊಸ ಡಾಕ್ಟರ ಮೊದಲ ಭೇಟಿ ಎನ್ನುವಷ್ಟರಲ್ಲಿ 34–35 ವಾರ ಆಗಿರುತ್ತದೆ.

ಹಾಕಿಸಿಕೊಳ್ಳುವ ದಿನ ಇಷ್ಟನ್ನು ನೋಡಿ. ಸಿರಿಂಜಿನ ಡಬ್ಬಿಯ ಮೇಲೆ ಬೂಸ್ಟ್ರಿಕ್ಸ್ ಅಥವಾ ಅಡಾಸೆಲ್ ಎಂದಿರಬೇಕು; ಮಕ್ಕಳ ಡಿಪಿಟಿ ಬೇರೆ, ಹೆಸರು ಹತ್ತಿರವಿದೆಯೆಂದು ಅದನ್ನು ಹಾಕಿಸಿಕೊಳ್ಳುವಂತಿಲ್ಲ. ಪ್ರಮಾಣ 0.5 ಮಿಲಿ ಲೀಟರ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಮೆಡಿಕಲ್ ಶಾಪಿನಿಂದ ನೀವೇ ತಂದು ಮನೆಯ ಫ್ರಿಜ್ಜಿನಲ್ಲಿಟ್ಟು ಮರುದಿನ ಒಯ್ಯುವ ಕೆಲಸ ಬೇಡ. ಇದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಫ್ರೀಜರಿನ ಹತ್ತಿರ ಇಟ್ಟು ಗಟ್ಟಿಯಾದರೆ ಅದರಲ್ಲಿನ ಅಲ್ಯೂಮಿನಿಯಂ ಅಂಶ ಒಡೆದು ಲಸಿಕೆ ಕೆಲಸಕ್ಕೆ ಬಾರದು, ಕರಗಿದ ಮೇಲೂ ಸರಿಹೋಗದು. ಆಸ್ಪತ್ರೆಯ ಫ್ರಿಜ್ಜಿನಿಂದಲೇ ತೆಗೆದು ಹಾಕಿಸಿಕೊಳ್ಳಿ. ಕಾರ್ಡಿನಲ್ಲಿ ಟಿಟಿ ಎಂದು ಗೀಚಲು ಬಿಡಬೇಡಿ. ಟಿಡ್ಯಾಪ್ ಎಂದೇ ಬರೆಸಿ, ದಿನಾಂಕ ಹಾಕಿಸಿ, ಲಸಿಕೆಯ ಸ್ಟಿಕ್ಕರ್ ಅಂಟಿಸಿಕೊಳ್ಳಿ. ಫ್ಲೂ ಲಸಿಕೆಯನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು. ನಿಮ್ಮದು ನೆಗೆಟಿವ್ ರಕ್ತದ ಗುಂಪಾಗಿದ್ದು 28ನೇ ವಾರಕ್ಕೆ ಅದಕ್ಕೆಂದು ಕೊಡುವ ಆಂಟಿ-ಡಿ ಇಂಜೆಕ್ಷನ್ ಆಗಿದ್ದರೂ ಅಡ್ಡಿಯಿಲ್ಲ.

ತೋಳುನೋವು, ಮೈಕೈನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಡಾಕ್ಟರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಬ್ರುಫೆನ್ ಜಾತಿಯ ಮಾತ್ರೆ ಈ ತಿಂಗಳುಗಳಲ್ಲಿ ಬೇಡ. ಹಿಂದೆ ಇಂಥ ಲಸಿಕೆಗೆ ಉಸಿರು ಕಟ್ಟುವಂಥ ತೀವ್ರ ಅಲರ್ಜಿ ಆಗಿದ್ದವರು ಮೊದಲೇ ಹೇಳಬೇಕು.

ಪ್ರತಿ ಬಸಿರಿಗೂ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಕು, ಇಬ್ಬರು ಮಕ್ಕಳ ನಡುವೆ ಒಂದೂವರೆ ವರ್ಷವೇ ಅಂತರವಿದ್ದರೂ. ನಿಮ್ಮ ರಕ್ತದ ಪ್ರತಿಕಾಯ ಬೇಗ ಇಳಿಯುತ್ತದೆ, ಇಳಿದಿದ್ದನ್ನು ಮಗುವಿಗೆ ದಾಟಿಸಿ ಪ್ರಯೋಜನವಿಲ್ಲ. ಬಸಿರಿನಲ್ಲಿ ತಪ್ಪಿಹೋದವರು, ಹಿಂದೆಂದೂ ಟಿಡ್ಯಾಪ್ ಆಗಿಲ್ಲದಿದ್ದರೆ, ಹೆರಿಗೆಯಾದ ಕೂಡಲೇ ಹಾಕಿಸಿಕೊಳ್ಳಲಿ. ಅದರಿಂದ ಮಗುವಿನ ರಕ್ತಕ್ಕೆ ಏನೂ ಹೋಗುವುದಿಲ್ಲ, ತಾಯಿಯಿಂದ ಮಗುವಿಗೆ ರೋಗ ಹತ್ತುವ ಸಾಧ್ಯತೆ ತಗ್ಗುತ್ತದೆ. ಎದೆಹಾಲಿನಲ್ಲೂ ಸ್ವಲ್ಪ ರಕ್ಷಣೆ ಸಿಗುತ್ತದೆ, ಆದರೆ ಮಾಸಿನ ಮೂಲಕ ಬಂದದ್ದಕ್ಕೆ ಅದು ಸಮನಾಗದು.

ನೀವು ಕೊಟ್ಟ ರಕ್ಷಣೆ ಸಾಲ ಕೊಟ್ಟಂತೆ, ದಿನೇ ದಿನೇ ಕರಗುತ್ತದೆ. ಮಗುವಿನ ರಕ್ತದಲ್ಲಿ ಅದು ಐದಾರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 14ನೇ ವಾರಕ್ಕೆ ಕಾಲು ಭಾಗಕ್ಕೂ ಕಡಿಮೆ. ಹಾಗಾಗಿ, ಬಾಣಂತನ ಮುಗಿಯಲಿ, ಮೂರು ತಿಂಗಳಾದ ಮೇಲೆ ಬೆಂಗಳೂರಿಗೆ ಹೋಗಿ ಹಾಕಿಸೋಣ ಎನ್ನುವ ಮಾತಿಗೆ ಒಪ್ಪಬೇಡಿ. ಹಾಸನದಲ್ಲೇ, 45ನೇ ದಿನದ ಹೊತ್ತಿಗೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮೊದಲ ಪೆಂಟಾವೇಲೆಂಟ್ ಆಗಲಿ. ಅದು ಪುಕ್ಕಟೆ.

ತೊಟ್ಟಿಲು ಶಾಸ್ತ್ರಕ್ಕೆ ನೆಂಟರು ತುಂಬುತ್ತಾರೆ. ದೊಡ್ಡವರಲ್ಲಿ ನಾಯಿಕೆಮ್ಮು ಬರೀ ವಾರಗಟ್ಟಲೆ ಬಿಡದ ಕೆಮ್ಮಾಗಿ ಕಾಣುತ್ತದೆ, ಧೂಳಿನ ಅಲರ್ಜಿ ಅಂದುಕೊಂಡು ಓಡಾಡುತ್ತಿರುತ್ತಾರೆ. ಕೆಮ್ಮುವವರು ಅಜ್ಜಿಯೇ ಆಗಿರಲಿ, ಮಗುವನ್ನು ಎತ್ತಿಕೊಳ್ಳುವುದು ಬೇಡ. ಮಗುವನ್ನು ದಿನವೂ ನೋಡಿಕೊಳ್ಳುವ ದೊಡ್ಡವರು ಹೆರಿಗೆಗೆ ಎರಡು ವಾರ ಮುಂಚೆ ಒಂದು ಟಿಡ್ಯಾಪ್ ಹಾಕಿಸಿಕೊಂಡರೆ ಒಳ್ಳೆಯದು, ಆದರೆ ದುಡ್ಡು ಒಬ್ಬರಿಗೇ ಸಾಲುವಂತಿದ್ದರೆ ಅದು ನಿಮಗೇ ಇರಲಿ.

ಚಿಕ್ಕ ಕೂಸಿನಲ್ಲಿ, ಕೆಮ್ಮಿನ ಕೊನೆಗೆ ಕೊಕ್ಕರಿಸಿದಂತೆ ಉಸಿರೆಳೆಯುವ ಆ ಪ್ರಸಿದ್ಧ ಸದ್ದು ಕೇಳದೆಯೇ ಇರಬಹುದು. ಕೆಮ್ಮೂ ಜೋರಿರದೆ, ಮಗು ಸುಮ್ಮನೆ ಉಸಿರು ನಿಲ್ಲಿಸಿಬಿಡಬಹುದು. ತುಟಿ ನೀಲಿಯಾಗುವುದು, ಕೆಮ್ಮುತ್ತಾ ಮುಖ ಕೆಂಪೇರಿ ಹಾಲು ಕಕ್ಕುವುದು, ಹಾಲು ಕುಡಿಯಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಜೇನು, ಬಜೆ, ಸಾಂಬ್ರಾಣಿ ಹೊಗೆ ಯಾವುದೂ ಬೇಡ. ವರ್ಷ ತುಂಬದ ಮಗುವಿಗೆ ಜೇನು ಬೇರೆಯದೇ ಅಪಾಯ ತರುತ್ತದೆ. ಡಾಕ್ಟರಿಗೆ, ಮನೆಯಲ್ಲಿ ಯಾರಿಗೆ ಎಷ್ಟು ದಿನದಿಂದ ಕೆಮ್ಮಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ರೋಗ ಖಚಿತವಾದರೆ ಮಗುವಿನ ಜೊತೆ ಮನೆಯವರಿಗೂ ಅಜಿತ್ರೋಮೈಸಿನ್ ಬರೆದುಕೊಡುತ್ತಾರೆ. ಕೆಮ್ಮು ಇಲ್ಲದವರೂ ಅದನ್ನು ಪೂರ್ತಿ ಮುಗಿಸಬೇಕು.