ತೊಳೆಯೋ ಮುಂಚೆ ಒಮ್ಮೆ ತಿರುಗಿಸಿ ನೋಡಿ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ಕನ್ನಡದವರಿಗೆ ಸೆಪ್ಟೆಂಬರ್ 18 ಅಂದರೆ ಬೀದಿ ದೀಪಗಳ ಹಬ್ಬ ಶುರುವಾಗುವ ದಿನ. ಮಕ್ಕಳನ್ನು ಕರೆದುಕೊಂಡು ಹೋಗಿ ಬಲ್ಬಿನ ಚಿತ್ರಗಳನ್ನು ತೋರಿಸಿ ಬರುತ್ತೇವೆ. ನಾನೂ ಮೊದಮೊದಲು ಅದನ್ನು ಡಚ್ಚರ ದೀಪಾವಳಿ ಅಂತಲೇ ಅಂದುಕೊಂಡಿದ್ದೆ. 1944ರಲ್ಲಿ ಅದೇ ದಿನ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್‌ನ ಪ್ಯಾರಾಚೂಟ್ ಸೈನಿಕರು ಈ ಊರನ್ನು ಜರ್ಮನರಿಂದ ಬಿಡಿಸಿದ್ದರು, ಮರುವರ್ಷ ಜನ ಅದರ ನೆನಪಿಗೆ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟರು, ಅದೇ ಬೆಳೆದು ಈಗಿನ ದೀಪದ ಸಾಲಾಗಿದೆ. ಇದು ನನಗೆ ಗೊತ್ತಾಗಿದ್ದು ಕೆಲಸದ ಮೇಜಿನ ಮೇಲೆ, ಒಡೆದ ಒಂದು ಟೈಲಿನಿಂದ.

ನನ್ನ ಕೆಲಸ ಒಡೆದ ಪಿಂಗಾಣಿ ಸಾಮಾನು ಜೋಡಿಸುವುದು. ಪಿಂಗಾಣಿ ಅಂತ ಸುಮ್ನೆ ಹೇಳಿದೆ, ನಾವು ಹೊಳೆಯುವುದಕ್ಕೆಲ್ಲ ಅದೇ ಹೆಸರಿಡುತ್ತೇವೆ ಅಲ್ವಾ. ಆದರೆ ಇಲ್ಲಿನ ಹಳೆ ನೀಲಿ-ಬಿಳಿ ಟೈಲುಗಳು ಪಿಂಗಾಣಿಯಲ್ಲ, ಸುಟ್ಟ ಮಣ್ಣಿನವು. 17ನೇ ಶತಮಾನದಲ್ಲಿ ಚೀನಾದಿಂದ ಬಂದ ಸಾಮಾನು ನೋಡಿ ಡೆಲ್ಫ್ಟ್ ಊರಿನವರು ತಮ್ಮ ಮಣ್ಣಿನ ಮೇಲೆ ಬಿಳಿ ಮೆರುಗು ಬಳಿದು ಹಾಗೆ ಕಾಣುವಂತೆ ಮಾಡಿದರು, ಅಷ್ಟೇ. ಗುರುತಿಸುವುದು ಸುಲಭ. ಮೆರುಗಿಲ್ಲದ ಹಿಂಭಾಗಕ್ಕೆ ಒದ್ದೆ ಬೆರಳು ಮುಟ್ಟಿಸಿ. ನೀರನ್ನು ಸರ್ರನೆ ಹೀರಿಕೊಂಡರೆ ಮಣ್ಣು. ನಮ್ಮ ಉಪ್ಪಿನಕಾಯಿ ಭರಣಿ ಹಾಗೆ ಹೀರುವುದಿಲ್ಲ, ಹೀರಿದ್ದರೆ ಅಜ್ಜಿಯರು ಅದರಲ್ಲಿ ಉಪ್ಪಿನಕಾಯಿ ಇಡುತ್ತಿರಲಿಲ್ಲ.

ಎಪ್ಪತ್ತು ದಾಟಿದ ಒಬ್ಬ ಹೆಂಗಸು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡ ಟೈಲು. ರೆಕ್ಕೆ ಬಿಚ್ಚಿದ ಹದ್ದು, ಕೆಳಗೆ ತುಂಡಾದ ಸರಪಳಿ, ಅದರಡಿ 18-9-1944. ಹದ್ದು ಯಾಕೆಂದರೆ ಆ 101ನೇ ಡಿವಿಷನ್ನಿನವರ ತೋಳಿನ ಬಿಲ್ಲೆಯಲ್ಲಿದ್ದದ್ದು ಹದ್ದಿನ ತಲೆ. ನೆದರ್‌ಲ್ಯಾಂಡ್ಸ್‌ನ ಇಂಥ ನೆನಪಿನ ಸಾಮಾನುಗಳಲ್ಲಿ ತಾರೀಕು ನೋಡಿದರೆ ಮನೆತನ ಯಾವ ಕಡೆಯದು ಅಂತ ಊಹಿಸಬಹುದು. ದಕ್ಷಿಣದ ಊರುಗಳು 1944ರಲ್ಲೇ ಬಿಡುಗಡೆಯಾದವು. ಪಶ್ಚಿಮದವರು 1945ರ ಮೇ 5ರ ತನಕ ಕಾಯಬೇಕಾಯಿತು, ನಡುವಿನ ಆ ಚಳಿಗಾಲದಲ್ಲಿ ಊಟಕ್ಕಿಲ್ಲದೆ ಟುಲಿಪ್ ಗೆಡ್ಡೆ ತಿಂದರು, ಸುಮಾರು 20,000 ಜನ ಸತ್ತರು.

"ಬಿಡುಗಡೆಯಾದ ದಿನವೇ ಅಪ್ಪ ತಂದಿದ್ದು," ಅಂದರು ಆಕೆ. ಆಗದ ಮಾತು. ಚಿತ್ರ ಬರೆದು, ಒಣಗಿಸಿ, ಗೂಡಿನಲ್ಲಿ ಸುಟ್ಟು, ಅದು ಆರುವವರೆಗೆ ಕಾಯಲು ದಿನಗಟ್ಟಲೆ ಬೇಕು. ಬರೆಯುವ ಬಣ್ಣ ಕೋಬಾಲ್ಟ್, ಬರೆಯುವಾಗ ಕಪ್ಪಗಿರುತ್ತದೆ, ಸುಟ್ಟ ಮೇಲೆ ನೀಲಿಯಾಗುತ್ತದೆ. ಚಿತ್ರ ಇಳಿಸುವ ರೀತಿ ನಮ್ಮಲ್ಲಿ ಬ್ಲೌಸಿಗೆ ಆರಿ ವರ್ಕ್ ಮಾಡುವವರದ್ದೇ: ಕಾಗದಕ್ಕೆ ಸೂಜಿಯಿಂದ ತೂತು ಹೊಡೆದು, ಮೇಲಿಂದ ಪುಡಿ ಉಜ್ಜಿದರೆ ಚುಕ್ಕಿಗಳು ಬೀಳುತ್ತವೆ. ಇಲ್ಲಿ ಇದ್ದಿಲ ಪುಡಿ, ಗೂಡಿನಲ್ಲಿ ಸುಟ್ಟುಹೋಗುತ್ತದೆ. ಇದನ್ನೆಲ್ಲ ಆಕೆಗೆ ಹೇಳಲಿಲ್ಲ. ಅವರು ಬೆಲೆ ಕಟ್ಟಿಸಲು ಬಂದಿರಲಿಲ್ಲ.

ಟೈಲು ಮೂರು ತುಂಡಾಗಿತ್ತು. ಎರಡು ತುಂಡನ್ನು ಮನೆಯಲ್ಲಿ ಯಾರೋ ಸೂಪರ್ ಗ್ಲೂ ಹಾಕಿ ಅಂಟಿಸಿದ್ದರು, ಕೂದಲೆಳೆಯಷ್ಟು ಏರುಪೇರಾಗಿ. ಅಷ್ಟು ಸಾಕು, ಮೂರನೆಯದು ಕೂರುವುದೇ ಇಲ್ಲ. ದಯವಿಟ್ಟು ಸೂಪರ್ ಗ್ಲೂ ಹಾಕಬೇಡಿ. ಅದು ಎಷ್ಟು ಬೇಗ ಹಿಡಿಯುತ್ತದೆ ಅಂದರೆ ಸರಿಮಾಡಿಕೊಳ್ಳಲು ಸಮಯವೇ ಕೊಡುವುದಿಲ್ಲ. ಎಪಾಕ್ಸಿ ಗಟ್ಟಿ, ನಿಜ, ಆದರೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ನಾವು ಇಂಥ ಮಣ್ಣಿನ ಸಾಮಾನಿಗೆ ಜಾಸ್ತಿ ಬಳಸುವುದು ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಅಂಟು. ಬಣ್ಣ ಕೆಡುವುದಿಲ್ಲ, ಮುಂದೆ ಯಾರಿಗಾದರೂ ಬಿಚ್ಚಬೇಕು ಅನ್ನಿಸಿದರೆ ಅಸಿಟೋನ್ ಅನ್ನುವ ದ್ರಾವಕದಲ್ಲಿ ಕರಗಿ ಬಿಟ್ಟುಕೊಡುತ್ತದೆ. ನಾನು ಮಾಡಿದ್ದೇ ಕೊನೆ ಅಂತ ಯಾಕೆ ಅಂದುಕೊಳ್ಳಬೇಕು?

ಹಳೆ ಟೈಲು ಬಂದರೆ ನನ್ನ ಮೊದಲ ಕೆಲಸ ಸಾಮಾನ್ಯವಾಗಿ ಶುದ್ಧ ನೀರಿನಲ್ಲಿ ನೆನೆಹಾಕುವುದು. ಗೋಡೆಯ ಗಾರೆಯಿಂದ ಬಂದ ಉಪ್ಪು ಮಣ್ಣಿನೊಳಗೆ ಕೂತಿರುತ್ತದೆ, ಒಣಗಿದಾಗ ಹರಳುಗಟ್ಟಿ ಮೆರುಗನ್ನು ಎಬ್ಬಿಸಿ ಉದುರಿಸುತ್ತದೆ, ಅದಕ್ಕೆ. ತೊಟ್ಟಿಗೆ ನೀರು ತುಂಬಿಯೂ ಆಗಿತ್ತು. ತುಂಡು ತಿರುಗಿಸಿದಾಗ ಹಿಂದೆ ಬೂದು ಬಣ್ಣದ ಗೀಚು ಕಂಡಿತು, ಕೊಳೆ ಅಂದುಕೊಂಡೆ. ಆದರೆ ಒಂದು ಮೂಲೆಯಲ್ಲಿ, ಯಾವತ್ತೋ ತೇವ ತಾಗಿದ ಕಡೆ, ಅದು ನೇರಳೆಯಾಗಿ ಹರಡಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅದು ಕಾಪಿಯಿಂಗ್ ಪೆನ್ಸಿಲ್. ಆ ಕಾಲದ ಆಫೀಸುಗಳಲ್ಲೆಲ್ಲ ಇದ್ದದ್ದು. ಗ್ರಾಫೈಟಿನ ಜೊತೆ ಬಣ್ಣ ಬೆರೆಸಿರುತ್ತಾರೆ, ಒಣಗಿದ್ದಾಗ ಬೂದು, ನೀರು ಬಿದ್ದರೆ ನೇರಳೆಯಾಗಿ ಕರಗಿ ಹರಿದುಹೋಗುತ್ತದೆ. ಉಜ್ಜಿದರೆ ಅಳಿಸುವುದು ಕಷ್ಟ, ನೀರಿಗೆ ಮಾತ್ರ ನಿಲ್ಲದು.

ತುಂಡುಗಳನ್ನು ಪಕ್ಕಪಕ್ಕ ಇಟ್ಟು ಓರೆ ಬೆಳಕಿನಲ್ಲಿ ಓದಿದೆ. ಒಂದು ಹೆಣ್ಣಿನ ಹೆಸರು. ಕೆಳಗೆ 19-9.

ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಬರೆದದ್ದು ಅವರಿಗೂ ಗೊತ್ತಿರಲಿಲ್ಲ, ಟೈಲು ಯಾವಾಗಲೂ ಗೋಡೆಯಲ್ಲೇ ಇತ್ತಂತೆ. ಹೆಸರು ಅಪ್ಪನ ತಂಗಿಯದು. ಬಿಡುಗಡೆಯಾದ ಮರುದಿನ, ಸೆಪ್ಟೆಂಬರ್ 19ರ ಸಂಜೆ, ಬೀದಿಗಳಲ್ಲಿ ಇನ್ನೂ ಸಂಭ್ರಮ ಇರುವಾಗಲೇ ಜರ್ಮನ್ ವಿಮಾನಗಳು ಐಂಡ್‌ಹೋವನ್ ಮೇಲೆ ಬಾಂಬು ಹಾಕಿದವು. 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಆ ಅತ್ತೆಯೂ ಒಬ್ಬರು.

ನೀರಿಗೆ ಹಾಕಲಿಲ್ಲ. ಮುಂಭಾಗವನ್ನು ಮಾತ್ರ ಹತ್ತಿ ಕಡ್ಡಿಯನ್ನು ಅರೆಬರೆ ಒದ್ದೆ ಮಾಡಿ ಒರೆಸಿದೆ. ಹಳೆ ಅಂಟನ್ನು ಅಸಿಟೋನ್ ಆವಿಯಲ್ಲಿ ಮೆತ್ತಗೆ ಮಾಡಿ ಸೂಜಿಯಿಂದ ಎಬ್ಬಿಸಿದೆ, ಬರಹ ಇರುವ ಕಡೆಗೆ ದ್ರಾವಕ ಹೋಗದಂತೆ, ಅದಕ್ಕೇ ನಾಲ್ಕು ದಿನ ಹಿಡಿಯಿತು. ಉಪ್ಪು ಒಳಗೇ ಉಳಿಯಿತು. ಹಾಗಾಗಿ ಟೈಲನ್ನು ಇನ್ನು ಅಡುಗೆಮನೆ ಹತ್ತಿರ ಇಡಬೇಡಿ, ತೇವ ಏರಿಳಿಯದ ಕಡೆ ಇರಲಿ, ಒದ್ದೆ ಬಟ್ಟೆ ಬೇಡ ಅಂತ ಬರೆದುಕೊಟ್ಟೆ. ಗೋಡೆಗೆ ತೂಗುಹಾಕುವ ಸ್ಪ್ರಿಂಗ್ ತಂತಿಯನ್ನೂ ಬೇಡ ಅಂದೆ. ಅದು ಅಂಚನ್ನು ಎಳೆದುಕೊಂಡೇ ಇರುತ್ತದೆ, ಜೋಡಿಸಿದ ಸಾಮಾನಿಗೆ ಅದು ಒಳ್ಳೆಯದಲ್ಲ.

ಬದಲಿಗೆ ಮರದ ಸಣ್ಣ ಸ್ಟ್ಯಾಂಡ್ ಮಾಡಿಸಿದ್ದಾರೆ. ಎರಡು ಕಡೆಯೂ ಕಾಣುತ್ತದೆ.